ಆರನೇ ಚಕ್ರ

ಠಣ್ಣಪ್ಪನವರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಪಿಂಚಣಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಮೂವತ್ತಮೂರು ವರ್ಷ ರೈಲ್ವೆಯಲ್ಲಿ ಅವರು ಮಾಡಿದ್ದು ಒಂದೇ ಕೆಲಸ. ಸ್ಟೇಷನ್ನಿಗೆ ಬಂದು ನಿಂತ ಗಾಡಿಯ ಚಕ್ರಗಳಿಗೆ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದು ಏಟು ಹಾಕುವುದು, ಬರುವ ಸದ್ದನ್ನು ಕೇಳುವುದು, ಮುಂದಿನ ಚಕ್ರಕ್ಕೆ ಹೋಗುವುದು. ನಗಬೇಡಿ. ಇದೂ ಒಂದು ಕೆಲಸವೇ ಅಂತ ನಕ್ಕವರನ್ನೆಲ್ಲ ಅವರು ಮನೆಗೆ ಜೋಪಾನವಾಗಿ ತಲುಪಿಸಿದ್ದಾರೆ.

ಚಕ್ರ ಗಟ್ಟಿಯಾಗಿದ್ದರೆ ‘ಠಣ್’ ಅನ್ನುತ್ತದೆ, ಆ ನಾದ ಗಾಳಿಯಲ್ಲಿ ಸ್ವಲ್ಪ ಹೊತ್ತು ಎಳೆದುಕೊಂಡು ಹೋಗುತ್ತದೆ. ಒಳಗೆಲ್ಲೋ ಬಿರುಕು ಬಿಟ್ಟಿದ್ದರೆ, ಇಲ್ಲವೇ ಚಕ್ರದ ಸುತ್ತ ಕೂರಿಸಿದ ಉಕ್ಕಿನ ಬಳೆ ಸಡಿಲವಾಗಿದ್ದರೆ ‘ದಬ್’ ಅನ್ನುತ್ತದೆ, ಒದ್ದೆ ಹಲಗೆಗೆ ಹೊಡೆದ ಹಾಗೆ. ಇಷ್ಟೇ ವಿದ್ಯೆ. ಆದರೆ ಠಣ್ ಮತ್ತು ದಬ್‌ಗಳ ನಡುವೆ ನೂರೆಂಟು ಮೆಟ್ಟಿಲುಗಳಿವೆ. ಆ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದ ಕಿವಿ ಅವರದು. ಅದಕ್ಕೇ ಠಣ್ಣಪ್ಪ. ಮೊದಮೊದಲು ಹಿಂದಿನಿಂದ ಕರೆಯುತ್ತಿದ್ದರು, ಆಮೇಲೆ ಮುಂದಿನಿಂದ, ಕೊನೆಗೆ ಸ್ಟೇಷನ್ ಮಾಸ್ತರರೇ ಕರೆದ ಮೇಲೆ ಅದೇ ಖಾಯಂ ಆಯಿತು.

ನಿವೃತ್ತಿಯಾಗಿ ಹದಿನೆಂಟು ವರ್ಷ. ಸುತ್ತಿಗೆ ಮನೆಯ ಬಾಗಿಲ ಹಿಂದೆ ನಿಂತಿತ್ತು. ಹೊಸ ಗಾಡಿಗಳಿಗೆ ಹೊಸ ಯಂತ್ರಗಳು ಬಂದವು, ಯಾರಿಗೂ ಯಾರ ಕಿವಿಯೂ ಬೇಡವಾಯಿತು. ಅಷ್ಟರಲ್ಲಿ, ಆರು ವರ್ಷದ ಹಿಂದೆ, ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರೊಬ್ಬರು ಅವರನ್ನು ಹುಡುಕಿಕೊಂಡು ಬಂದರು. ಮುಚ್ಚಿಹೋದ ಗಿರಣಿಯೊಂದರ ಹಿಂದೆ ಒಂದು ಹಳೇ ಮರದ ಬೋಗಿ ಇದೆ, ಯಾರೋ ಅದರಲ್ಲಿ ಕೋಳಿ ಸಾಕಿದ್ದಾರೆ, ಅದನ್ನು ಬಿಡಿಸಿಕೊಂಡು ಮತ್ತೆ ಹಳಿಯ ಮೇಲೆ ಓಡಿಸಬೇಕು, ಬನ್ನಿ ಅಂದರು. ಸಂಬಳ ಗಿಂಬಳ ಏನೂ ಇಲ್ಲ, ಭಾನುವಾರ ಭಾನುವಾರ ಮೈ ಕೊಳೆ ಮಾಡಿಕೊಳ್ಳುವುದಷ್ಟೇ ಲಾಭ ಅಂತಲೂ ಹೇಳಿದರು. ಠಣ್ಣಪ್ಪನವರು ಚಪ್ಪಲಿ ಹಾಕಿಕೊಂಡು ಆಗಲೇ ಹೊರಟರು.

ಅಬ್ಬಬ್ಬಾ, ಆ ಆರು ವರ್ಷ! ಹಳೇ ಶೆಡ್ಡಿನ ತಗಡಿನ ಕೆಳಗೆ ಯಾರ್ಯಾರು ಬಂದು ಸೇರಿದರು! ಹಲ್ಲಿನ ಡಾಕ್ಟರಮ್ಮ ಬಾಗಿಲ ಹಿತ್ತಾಳೆ ಹಿಡಿಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾ, “ಇವು ಒಳ್ಳೇ ಪೇಷೆಂಟುಗಳು ನೋಡಿ, ಅಯ್ಯೋ ನೋವು ಅನ್ನಲ್ಲ” ಅನ್ನುತ್ತಿದ್ದರು. ಬೋಗಿ ಎಳೆಯಲು ಮೇಷ್ಟ್ರು ಎಲ್ಲಿಂದಲೋ ಹುಡುಕಿ ತಂದ ಹಳೇ ಉಗಿ ಇಂಜಿನ್ನಿನ ಬೆಂಕಿಯ ಉಸ್ತುವಾರಿಯನ್ನು ಬೇಕರಿಯವರು ವಹಿಸಿಕೊಂಡರು; ಬನ್ ಬೇಯಿಸಿದವನಿಗೆ ಬಾಯ್ಲರ್ ಯಾವ ಲೆಕ್ಕ ಅಂತ ಅವರ ವಾದ. ಕೋಳಿ ಹಿಕ್ಕೆಯನ್ನು ಕೆರೆಯುವುದಕ್ಕೇ ಮೊದಲ ಮೂರು ತಿಂಗಳು ಹೋಯಿತು. ಅದರ ಕೆಳಗೆ ಹಸಿರು ಬಣ್ಣ, ಹಸಿರಿನ ಕೆಳಗೆ ಕಂದು, ಕಂದಿನ ಕೆಳಗೆ ಒಂದು ಗಾಢ ಕೆಂಪು. ಆ ಕೆಂಪನ್ನು ಕಂಡ ದಿನ ಠಣ್ಣಪ್ಪನವರು ಸುಮ್ಮನೆ ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಅವರು ಕೆಲಸಕ್ಕೆ ಸೇರಿದ ವರ್ಷ ಮಧ್ಯಾಹ್ನದ ಪ್ಯಾಸೆಂಜರಿಗೆ ಇದ್ದದ್ದು ಅದೇ ಬಣ್ಣ. ಇಪ್ಪತ್ತೈದರ ಪ್ರಾಯ, ಹೊಸ ಮದುವೆ, ಹೊಸ ಸುತ್ತಿಗೆ. ಕಣ್ಣು ತುಂಬಿ ಬಂತು, ಬಣ್ಣದ ಪುಡಿ ಬಿತ್ತು ಅಂತ ಸುಳ್ಳು ಹೇಳಿದರು.

ಪ್ರತಿ ಭಾನುವಾರ ಸಂಜೆ ಕರಿ ಮುಖ ಹೊತ್ತು ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳುತ್ತಿದ್ದರು, “ಹೇಗಿದ್ದಾಳೆ ನನ್ನ ಸವತಿ?”

“ಇವತ್ತು ಎರಡು ಕಿಟಕಿ ಕೂರಿಸಿದ್ವಿ ಕಣೇ.”

“ನಮ್ಮನೆ ಅಡುಗೆಮನೆ ಕಿಟಕಿ ಮುರಿದು ಒಂದು ವರ್ಷ ಆಯ್ತು. ಅವಳ ಅದೃಷ್ಟ ನೋಡಿ.”

ಇಂತಿಪ್ಪ ಬೋಗಿ ಕೊನೆಗೂ ಸಿದ್ಧವಾಯಿತು. ಇನ್ಸ್‌ಪೆಕ್ಟರು ಬಂದು ಇಂಜಿನ್ನು, ಬಾಯ್ಲರು, ಬ್ರೇಕು ಎಲ್ಲ ನೋಡಿದರು. ಬೋಗಿಯ ಚಕ್ರಗಳ ಹತ್ತಿರ ಬಂದಾಗ ಠಣ್ಣಪ್ಪನವರನ್ನು ಕಂಡು, “ಓ, ನೀವಿದ್ದೀರಲ್ಲ. ನೀವು ಬಡಿದು ನೋಡಿ ಪುಸ್ತಕದಲ್ಲಿ ಬರೆದುಬಿಡಿ, ಸಾಕು” ಅಂದು ಹೋದರು. ಮುಂದಿನ ಭಾನುವಾರ ಎಲ್ಲರೂ ಬೋಗಿಯ ಸುತ್ತ ನಿಂತರು. ಠಣ್ಣಪ್ಪನವರು ಹದಿನೆಂಟು ವರ್ಷದ ಮೇಲೆ ಸುತ್ತಿಗೆ ಎತ್ತಿ, ಈ ಕಡೆ ನಾಲ್ಕು, ಆ ಕಡೆ ನಾಲ್ಕು, ಎಂಟೂ ಚಕ್ರಗಳಿಗೆ ಒಂದೊಂದು ಏಟು ಹಾಕಿದರು. ಎಂಟಕ್ಕೂ ಸೀಮೆಸುಣ್ಣದಲ್ಲಿ ‘ಸರಿ’ ಗುರುತು ಎಳೆದರು. ಪುಸ್ತಕದಲ್ಲಿ ಸಹಿ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಮೂರು ವಾರ ಬಿಟ್ಟು ಬರುವ ಭಾನುವಾರಕ್ಕೆ ಮೊದಲ ಓಟ ಅಂತ ಗೊತ್ತಾಯಿತು. ನಲವತ್ತು ಜನರಿಗೆ ಕರೆ ಹೋಯಿತು. ಠಣ್ಣಪ್ಪನವರ ಮಗಳು ಮೊಮ್ಮಗಳನ್ನು ಕರೆದುಕೊಂಡು ಬರುತ್ತೇನೆ ಅಂದಳು. ಮೊಮ್ಮಗಳು ಕಿಟಕಿ ಪಕ್ಕದ ಸೀಟು ತನಗೇ ಅಂತ ಫೋನಿನಲ್ಲೇ ಹಟ ಹಿಡಿದಳು.

ಆ ಭಾನುವಾರಕ್ಕೆ ಇನ್ನು ಮೂರು ದಿನವಿದೆ ಅನ್ನುವಾಗ ಕೆಟಲ್ ಸುಟ್ಟುಹೋಯಿತು.

ಗುರುವಾರ ಬೆಳಗ್ಗೆ. ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಠಣ್ಣಪ್ಪನವರು ಒಲೆಯಿಂದ ಮೂರು ಮಾರು ದೂರದಲ್ಲಿ ಕೂತು ಪೇಪರ್ ಓದುತ್ತಿದ್ದರು. ಒಲೆಯ ಮೇಲೆ ನೀರು ಕುದಿದರೆ ಸಿಳ್ಳೆ ಹಾಕುವ ಕೆಟಲ್. ಹೆಂಡತಿ ಓಡಿ ಬಂದಾಗ ನೀರೆಲ್ಲ ಬತ್ತಿ, ತಳ ಕೆಂಪಾಗಿ, ಮನೆಯೆಲ್ಲ ಕಮಟು ವಾಸನೆ.

“ಹಿತ್ತಲಿಗೆ ಕೇಳಿಸ್ತು ನನಗೆ! ಅಷ್ಟು ಹೊತ್ತು ಕಿರುಚ್ಕೊಳ್ತಾ ಇತ್ತು, ಪಕ್ಕದಲ್ಲೇ ಕೂತಿದ್ದೀರ, ಕೇಳಿಸ್ಲಿಲ್ವೇನ್ರೀ?”

“ಪೇಪರ್ ಓದ್ತಾ ಇದ್ನಲ್ಲೇ,” ಅಂದರು ಠಣ್ಣಪ್ಪನವರು.

ಹೆಂಡತಿ ಮತ್ತೆ ಹಿತ್ತಲಿಗೆ ಹೋಗುವುದನ್ನೇ ಕಾದು, ಬಾಗಿಲ ಹಿಂದಿನ ಸುತ್ತಿಗೆ ತೆಗೆದುಕೊಂಡರು. ಮನೆಯ ಮೆಟ್ಟಿಲ ಪಕ್ಕದಲ್ಲಿ ಒಂದು ಮೊಳ ಉದ್ದದ ಹಳೇ ಹಳಿ ತುಂಡು ಬಿದ್ದಿತ್ತು. ಅದಕ್ಕೊಂದು ಏಟು ಹಾಕಿದರು. ಏಟು ಕೇಳಿಸಿತು. ಏಟಿನ ಹಿಂದೆ ಬರಬೇಕಾದ ಆ ಸಣ್ಣ, ಎತ್ತರದ ನಾದ ಕೇಳಿಸಲಿಲ್ಲ. ಇನ್ನೊಂದು ಏಟು. ಇಲ್ಲ. ಜನರ ಮಾತು ಕೇಳುತ್ತದೆ, ಬಾಗಿಲು ಬಡಿದರೆ ಕೇಳುತ್ತದೆ, ಸಿಳ್ಳೆ ಮಾತ್ರ ಇಲ್ಲ, ಗಂಟೆಯ ಕೊನೆಯ ಎಳೆ ಇಲ್ಲ. ಯಾವುದರ ಮೇಲೆ ಮೂವತ್ತಮೂರು ವರ್ಷ ಬದುಕಿದ್ದರೋ ಅದೊಂದೇ ಹೇಳದೆ ಕೇಳದೆ ಎದ್ದು ಹೋಗಿತ್ತು.

ಹಾಗಾದರೆ ಅವತ್ತು ಎಂಟೂ ಚಕ್ರ ಠಣ್ ಅಂದಿತ್ತಲ್ಲ? ಆಣೆ ಮಾಡಿ ಹೇಳಬಲ್ಲರು, ಕೇಳಿಸಿತ್ತು.

ಶುಕ್ರವಾರವೆಲ್ಲ ಬಾಯಿಗೆ ಬೀಗ. ಶನಿವಾರ ಬೆಳಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ಶೆಡ್ಡಿಗೆ ಹೋದರು. ಕೆಂಪು ಬೋಗಿ ಮದುಮಗಳ ಹಾಗೆ ನಿಂತಿತ್ತು. ಮೊದಲ ಚಕ್ರಕ್ಕೆ ಸುತ್ತಿಗೆ ಬೀಸಿದರು: ಠಣ್. ಎರಡನೆಯದು: ಠಣ್. ಜೀವ ಬಂದಂತಾಯಿತು. ಮೂರನೆಯದಕ್ಕೆ ಬೀಸುವಾಗ ಹೆಗಲು ಚುಳ್ಳೆಂದು ಸುತ್ತಿಗೆ ಅರ್ಧದಲ್ಲೇ ನಿಂತಿತು. ಆದರೂ ಠಣ್ ಅಂದಿತು. ಸುತ್ತಿಗೆ ಚಕ್ರಕ್ಕೆ ತಾಗಿರಲೇ ಇಲ್ಲ.

ಕೇಳಿಸುತ್ತಿದ್ದದ್ದು ಈ ಚಕ್ರಗಳಲ್ಲ. ಐವತ್ತು ವರ್ಷದ ಹಿಂದಿನ ಚಕ್ರಗಳು. ಆ ಮಧ್ಯಾಹ್ನದ ಪ್ಯಾಸೆಂಜರು, ಆ ಬಿಸಿಲು, ಆ ಕೆಂಪು ಬಣ್ಣ, ಎಲ್ಲ ಸೇರಿ ತಲೆಯೊಳಗೆ ಕೂತು ತಾವೇ ಠಣ್ ಠಣ್ ಅನ್ನುತ್ತಿದ್ದವು. ಅದನ್ನು ನಂಬಿ ಅವರು ನಲವತ್ತು ಜನರ ಜೀವಕ್ಕೆ ಸಹಿ ಹಾಕಿದ್ದರು.

ಅಷ್ಟರಲ್ಲಿ ಮೇಷ್ಟ್ರು ಕೈಯಲ್ಲಿ ಕರೆದವರ ಪಟ್ಟಿ ಹಿಡಿದು ಬಂದರು. “ಏನ್ ಠಣ್ಣಪ್ಪನೋರೇ, ಇನ್ನೊಂದ್ಸಲ ನೋಡ್ತಿದ್ದೀರಾ? ಬಿಡಿ ಬಿಡಿ. ನಿಮ್ಮ ಸಹಿ ಬಿದ್ದ ಮೇಲೆ ಕಲ್ಲಿನ ಮೇಲೆ ಬರೆದ ಹಾಗೆ.” ಮೇಷ್ಟ್ರ ಮುಖದಲ್ಲಿ ಆರು ವರ್ಷದ ಸಂತೋಷ. ಠಣ್ಣಪ್ಪನವರು ಹೇಳಬೇಕೆಂದು ಬಾಯಿ ತೆರೆದರು. ಬಿಸಿಲು ಜಾಸ್ತಿ ಇದೆ ಅಂದು ಮನೆಗೆ ಬಂದರು.

ಊಟಕ್ಕೆ ಕೂತರು. ಅನ್ನವನ್ನು ಕಲಸುತ್ತಲೇ ಇದ್ದರು. ಹೆಂಡತಿ ಎದುರು ಕೂತು ನೋಡಿದರು, ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಏನಾಯ್ತು ಹೇಳ್ತೀರೋ, ಇಲ್ಲ ನಾನೇ ಹೇಳ್ಲೋ?”

ಠಣ್ಣಪ್ಪನವರು ಹೇಳಿದರು. ಕೆಟಲ್‌ನಿಂದ ಹಿಡಿದು ತಾಗದೇ ಇದ್ದ ಸುತ್ತಿಗೆಯ ತನಕ ಎಲ್ಲ ಹೇಳಿದರು.

“ನಿಮ್ಮ ಕಿವಿ ಮಂದ ಆಗಿ ಎರಡು ವರ್ಷ ಆಯ್ತು,” ಅಂದರು ಹೆಂಡತಿ.

“ಗೊತ್ತಿದ್ದೂ ಹೇಳ್ಲಿಲ್ವಲ್ಲೇ!”

“ಹೇಗೆ ಹೇಳ್ಲಿ? ನಿಮ್ಮ ಹತ್ರ ಇದ್ದ ಆಸ್ತಿ ಅದೊಂದೇ. ಅದಕ್ಕೇ ಜೋರಾಗಿ ಮಾತಾಡೋದು ರೂಢಿ ಮಾಡ್ಕೊಂಡೆ. ನೀವು ಇವಳ ಬಾಯಿ ಜಾಸ್ತಿ ಆಯ್ತು ಅಂತ ಮಗಳ ಹತ್ರ ದೂರಿದ್ರಿ.” ಆಕೆ ಸೊರ್ರೆಂದು ಮೂಗೆಳೆದರು. “ಆದ್ರೆ ನೀವು ಚಕ್ರ ಬಡಿದು ಸಹಿ ಹಾಕಿದ್ದು ನನಗೆ ಗೊತ್ತಿರ್ಲಿಲ್ಲ. ಬಣ್ಣ ಬಳಿಯೋಕೆ ಹೋಗ್ತೀರಿ ಅಂದ್ಕೊಂಡಿದ್ದೆ.”

“ನಾಳೆ ಹುಷಾರಿಲ್ಲ ಅಂತ ಮಲಗಿಬಿಡ್ಲಾ?”

“ನೀವು ಮಲಗಿದ್ರೆ ನಿಮ್ಮ ಸಹಿನೂ ಮಲಗುತ್ತಾ? ಅದು ಮೊಮ್ಮಗಳನ್ನ ಕೂರಿಸ್ಕೊಂಡು ಹೊರಟು ಹೋಗುತ್ತೆ.”

ಠಣ್ಣಪ್ಪನವರು ತಲೆ ಮೇಲೆ ಕೈ ಹೊತ್ತು ಕೂತರು. ಯಂತ್ರ ತರಿಸಿ ನೋಡೋಣ ಅಂದರೆ ತಿಂಗಳುಗಟ್ಟಲೆ ಕಾಯಬೇಕು. ಎಲ್ಲ ಚಕ್ರವೂ ಗಟ್ಟಿಯಾಗಿಯೇ ಇರಬಹುದು, ಯಾರಿಗೆ ಗೊತ್ತು? ಈ ಕಾಲದಲ್ಲಿ ಚಕ್ರದ ಸದ್ದು ಬಲ್ಲವರು ಇನ್ನೆಲ್ಲಿದ್ದಾರೆ? ಜೊತೆಗಿದ್ದವರೆಲ್ಲ ಒಬ್ಬೊಬ್ಬರಾಗಿ ಹೊರಟು ಹೋಗಿದ್ದರು.

“ನನ್ನನ್ನ ಕರ್ಕೊಂಡು ಹೋಗಿ,” ಅಂದರು ಹೆಂಡತಿ.

“ನಿನಗೇನು ಗೊತ್ತೇ ಚಕ್ರದ ವಿಷಯ?”

ಆಕೆಗೆ ಮೂಗಿನ ತುದಿಯಲ್ಲಿದ್ದ ಕೋಪ ಸರ್ರನೆ ಏರಿತು. “ಗೊತ್ತಿಲ್ವಾ? ಇಪ್ಪತ್ತಾರು ವರ್ಷ ಆ ಕ್ವಾರ್ಟರ್ಸಲ್ಲಿ ಇದ್ವಿ. ಅಡುಗೆಮನೆ ಕಿಟಕಿ ತೆಗೆದ್ರೆ ಪ್ಲಾಟ್‌ಫಾರಂ. ಮಧ್ಯಾಹ್ನದ ಗಾಡಿ ಬಂದು ನಿಂತ್ರೆ ನಾನು ತರಕಾರಿ ಹೆಚ್ಚೋಕೆ ಕೂರ್ತಿದ್ದೆ. ನೀವು ಅಲ್ಲಿ ಠಣ್, ನಾನು ಇಲ್ಲಿ ಟಕ್. ಅರವತ್ತನಾಲ್ಕು ಚಕ್ರ. ಕೊನೇದು ಆದ್ಮೇಲೆ ತಟ್ಟೆ ಇಡ್ತಿದ್ದೆ, ಇನ್ನೈದು ನಿಮಿಷಕ್ಕೆ ಬರ್ತೀರಿ ಅಂತ. ನಡುವೆ ಎಲ್ಲಾದ್ರೂ ದಬ್ ಅಂದ್ರೆ ಒಲೆ ಆರಿಸಿಬಿಡ್ತಿದ್ದೆ, ಇವತ್ತು ಇವರು ಸಂಜೆವರೆಗೂ ಬರಲ್ಲ ಅಂತ. ಒಂದು ದಿನನೂ ತಪ್ಪಿಲ್ಲ.”

ಠಣ್ಣಪ್ಪನವರು ಹೆಂಡತಿಯನ್ನೇ ನೋಡಿದರು. ಬೇಗ ಬಂದ ದಿನ ಬಿಸಿ ಊಟ, ತಡವಾದ ದಿನವೂ ಬಿಸಿ ಊಟ. ಅದು ಹೇಗೆ ಅಂತ ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಅವರಿಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

“ಒಂದ್ಸಲನೂ ಹೇಳ್ಲಿಲ್ವಲ್ಲೇ ನೀನು.”

“ನೀವು ಕೇಳಿದ್ರೆ ತಾನೇ ಹೇಳೋದು?”

ಭಾನುವಾರ ಬೆಳಗ್ಗೆ ಜನ ಸೇರುವ ಮೊದಲೇ ಹೋಗಿ ಗುಟ್ಟಾಗಿ ನೋಡಿಬಿಡೋಣ ಅಂದರು ಠಣ್ಣಪ್ಪನವರು. ಹೆಂಡತಿ ಒಪ್ಪಲಿಲ್ಲ. “ನಾಲ್ಕು ಜನರ ಮುಂದೆ ಚಪ್ಪಾಳೆ ತಗೊಂಡಿದ್ದೀರ. ನಾಲ್ಕು ಜನರ ಮುಂದೇನೇ ಹೇಳಿ.”

ಭಾನುವಾರ ಇಬ್ಬರೂ ಶೆಡ್ಡಿಗೆ ಬಂದಾಗ ಇಂಜಿನ್ನು ಆಗಲೇ ಉಗಿ ಬಿಡುತ್ತಿತ್ತು. ಬೇಕರಿಯವರು ಬೆವರು ಒರೆಸಿಕೊಳ್ಳುತ್ತಾ ಕೈ ಬೀಸಿದರು. ಮಗಳು ಮೊಮ್ಮಗಳು ಬಂದಾಗಿತ್ತು. ಠಣ್ಣಪ್ಪನವರು ಮೇಷ್ಟ್ರ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಒಂದೇ ಉಸಿರಿಗೆ ಹೇಳಿಬಿಟ್ಟರು. “ಮೇಷ್ಟ್ರೇ, ನನ್ನ ಕಿವಿ ಹೋಗಿದೆ. ಅವತ್ತು ನನಗೆ ಏನೂ ಕೇಳಿಸಿರ್ಲಿಲ್ಲ. ಕೇಳಿಸ್ತು ಅಂತ ಅಂದ್ಕೊಂಡೆ. ಆ ಸಹಿ ಸುಳ್ಳು.”

ಮೇಷ್ಟ್ರ ಮುಖ ಕೆಂಪೇರಿತು. “ಇವತ್ತು ಹೇಳ್ತಿದ್ದೀರಲ್ರೀ! ಇವತ್ತು! ನಲವತ್ತು ಜನ ಬಂದು ನಿಂತಿದ್ದಾರೆ!”

“ಇವತ್ತಾದ್ರೂ ಹೇಳಿದ್ರಲ್ಲ, ಸಮಾಧಾನ ಮಾಡ್ಕೊಳ್ಳಿ,” ಅಂದರು ಹಲ್ಲಿನ ಡಾಕ್ಟರಮ್ಮ.

“ಅವರು ಬಡೀಲಿ, ನಾನು ಕೇಳ್ತೀನಿ,” ಅಂದರು ಠಣ್ಣಪ್ಪನವರ ಹೆಂಡತಿ. ಅಡುಗೆಮನೆ ಕಿಟಕಿಯ ಕತೆಯನ್ನು ಎರಡೇ ಮಾತಿನಲ್ಲಿ ಹೇಳಿದರು. ಮೇಷ್ಟ್ರಿಗೆ ಇದು ಅಜ್ಜಿಕತೆ ಅನ್ನಿಸಿರಬೇಕು, ಆದರೆ ಬೇರೆ ದಾರಿಯೂ ಕಾಣಲಿಲ್ಲ. ಹೂಂ ಅಂದರು.

ಆಕೆ ಬೋಗಿಯ ಮುಂದೆ ನಿಂತರು. ಯಾಕೋ ಸರಿಹೋಗಲಿಲ್ಲ. ಬೋಗಿಗೆ ಬೆನ್ನು ತಿರುಗಿಸಿದರು. “ನಾನು ಯಾವತ್ತೂ ಎದುರು ನಿಂತು ಕೇಳಿದೋಳಲ್ಲ. ಕೈಗೆ ಏನಾದ್ರೂ ಕೆಲಸ ಕೊಡ್ರಮ್ಮಾ, ಬರೀ ಕೈಲಿ ನನಗೆ ಕಿವಿ ಓಡಲ್ಲ.” ಡಾಕ್ಟರಮ್ಮ ಒಂದು ಬಿಡಿ ಹಿತ್ತಾಳೆ ಹಿಡಿಯನ್ನೂ ಬಟ್ಟೆಯನ್ನೂ ಕೊಟ್ಟರು. ಆಕೆ ಪೆಟ್ಟಿಗೆಯ ಮೇಲೆ ಕೂತು ತಿಕ್ಕತೊಡಗಿದರು. ನಕ್ಕವರೂ ಇದ್ದರು.

ಠಣ್ಣಪ್ಪನವರು ಮೊದಲ ಚಕ್ರಕ್ಕೆ ಸುತ್ತಿಗೆ ಹಾಕಿ ಹೆಂಡತಿಯ ಬೆನ್ನು ನೋಡಿದರು. ಆಕೆ ತಿಕ್ಕುತ್ತಲೇ ತಲೆಯಾಡಿಸಿದರು. ಎರಡು, ಮೂರು, ನಾಲ್ಕು. ಪ್ರತಿ ಸಲವೂ ಒಂದು ಸಣ್ಣ ತಲೆದೂಗು. ಆ ಬದಿಗೆ ಹೋದರು, ಆಕೆಯ ಪೆಟ್ಟಿಗೆಯನ್ನೂ ಆ ಬದಿಗೆ ಒಯ್ದರು. ಐದು: ಸರಿ.

ಆರಕ್ಕೆ ಕೈ ನಿಂತಿತು. ಬಟ್ಟೆ ಹಿತ್ತಾಳೆಯ ಮೇಲೆ ಹಾಗೇ ಉಳಿಯಿತು. “ಇನ್ನೊಂದ್ಸಲ ಹಾಕಿ.” ಹಾಕಿದರು. “ಒಲೆ ಆರಿಸ್ಬೇಕು ರೀ,” ಅಂದರು ಆಕೆ ತಿರುಗಿ ನೋಡದೆ.

ಮೇಷ್ಟ್ರು ಓಡಿ ಬಂದರು. “ಬ್ರೇಕ್ ಹಿಡಿದಿರ್ಬೇಕು! ಬ್ರೇಕಿನ ಕಟ್ಟೆ ಚಕ್ರಕ್ಕೆ ಒತ್ತಿಕೊಂಡಿದ್ರೆ ಸದ್ದು ಸತ್ತು ಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ!” ಹೇಳಿದ್ದು ನಿಜ. ಬೇಕರಿಯವರು ಇಂಜಿನ್ನಿನಿಂದ ಇಳಿದು ಬಂದು ಬೋಗಿಯ ಕೈಬ್ರೇಕನ್ನು ತಿರುಗಿಸಿ ಪೂರ್ತಿ ಸಡಿಲ ಮಾಡಿದರು. ಕಟ್ಟೆಗೂ ಚಕ್ರಕ್ಕೂ ನಡುವೆ ಬೆರಳು ತೂರುವಷ್ಟು ಜಾಗವಾಯಿತು. ಎಲ್ಲರೂ ಮೈಯೆಲ್ಲ ಕಿವಿಯಾಗಿ ನಿಂತರು. ಠಣ್ಣಪ್ಪನವರು ಮತ್ತೆ ಹೊಡೆದರು. ಅವರಿಗೆ ತಲೆಯೊಳಗೆ ಠಣ್ ಅಂತಲೇ ಕೇಳಿಸಿತು. ಹಾಳಾದ್ದು, ಇನ್ನೂ!

“ಅದೇ,” ಅಂದರು ಹೆಂಡತಿ. “ದಬ್.”

ಠಣ್ಣಪ್ಪನವರು ಮಂಡಿಯೂರಿದರು. ಉಕ್ಕಿನ ಬಳೆ ಚಕ್ರಕ್ಕೆ ಕೂರುವ ಕಡೆ ಹೊಸ ಕಪ್ಪು ಬಣ್ಣ ಮಿಂಚುತ್ತಿತ್ತು. ಚಾಕುವಿನಿಂದ ಅದನ್ನು ಕೆರೆದರು. ಬಣ್ಣದ ಕೆಳಗೆ, ಬಳೆಗೂ ಚಕ್ರಕ್ಕೂ ನಡುವಿನ ಸಂದಿನಿಂದ, ತೆಳ್ಳಗೆ ಕೆಂಪು ತುಕ್ಕಿನ ಪುಡಿ ಉದುರಿತು. ಗಟ್ಟಿ ಹಿಡಿದ ಬಳೆಯಿಂದ ತುಕ್ಕು ಉದುರುವುದಿಲ್ಲ. ಬಳೆ ಸಡಿಲವಾಗಿತ್ತು. ನಲವತ್ತು ಜನರ ಭಾರದಲ್ಲಿ, ಮೊದಲ ತಿರುವಿನಲ್ಲಿ, ಕಳಚಿಕೊಳ್ಳುತ್ತಿತ್ತು. ತಲೆಯೆತ್ತಿ ನೋಡಿದರೆ ಆ ಚಕ್ರದ ಮೇಲಿನ ಕಿಟಕಿಯಲ್ಲಿ ಮೊಮ್ಮಗಳು ಆಗಲೇ ಹತ್ತಿ ಕೂತು ಅವರಿಗೆ ಕೈ ಬೀಸುತ್ತಿದ್ದಳು.

ಅವರಿಗೆ ಅಳು ಬಂತು. ಈ ಸಲ ಬಣ್ಣದ ಪುಡಿ ಅನ್ನಲಿಲ್ಲ.

ಮೇಷ್ಟ್ರು ಬಗ್ಗಿ ತುಕ್ಕನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, “ಎಲ್ಲರೂ ಇಳೀರಪ್ಪ,” ಅಂದರು ಬೋಗಿಯ ಕಡೆಗೆ. “ಇವತ್ತು ಇಂಜಿನ್ ಒಂದೇ ಓಡುತ್ತೆ. ಬೋಗಿಗೆ ಆರು ವರ್ಷ ಕಾದಿದ್ದೀವಿ, ಇನ್ನೊಂದಾರು ತಿಂಗಳು ಕಾದ್ರೆ ಪ್ರಾಣ ಹೋಗಲ್ಲ.” ಠಣ್ಣಪ್ಪನವರ ಮುಖ ನೋಡಲಿಲ್ಲ, ಆದರೆ ಅವರನ್ನು ಎಬ್ಬಿಸಲು ಕೈ ಕೊಟ್ಟರು.

ಇಂಜಿನ್ನು ಒಂಟಿಯಾಗಿ ಕೂಗುತ್ತಾ ಹೊರಟಿತು. ಜನ ಅದರ ಹಿಂದೆ ಹೋದರು. ಶೆಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಠಣ್ಣಪ್ಪನವರು ಆರನೇ ಚಕ್ರದ ಮೇಲಿನ ‘ಸರಿ’ ಗುರುತನ್ನು ಎಂಜಲು ಹಚ್ಚಿದ ಹೆಬ್ಬೆರಳಿಂದ ಅಳಿಸಿ, ಸೀಮೆಸುಣ್ಣವನ್ನು ಹೆಂಡತಿಗೆ ಕೊಟ್ಟರು. ಆಕೆ ಅಲ್ಲೊಂದು ದೊಡ್ಡ ಅಡ್ಡಗೀಟು ಎಳೆದರು. ಠಣ್ಣಪ್ಪನವರು ಸುತ್ತಿಗೆಯನ್ನು ಗೋಡೆಗೆ ಒರಗಿಸಲು ಹೋದರು.

“ಇನ್ನೂ ಎರಡು ಇದೆಯಲ್ರೀ,” ಅಂದರು ಹೆಂಡತಿ.

“ಇನ್ಯಾಕೆ ಬಿಡೇ. ಹೇಗೂ ಓಡಲ್ಲ.”

“ನೀವು ಗಾಡೀನ ಅರ್ಧಕ್ಕೆ ಬಿಟ್ಟಿದ್ದು ನಾನು ಒಂದು ದಿನನೂ ಕೇಳಿಲ್ಲ.” ಆಕೆ ಮತ್ತೆ ಪೆಟ್ಟಿಗೆಯ ಮೇಲೆ ಬೆನ್ನು ಮಾಡಿ ಕೂತು, ಹಿತ್ತಾಳೆ ಹಿಡಿಯನ್ನು ಕೈಗೆತ್ತಿಕೊಂಡರು.

ಠಣ್ಣಪ್ಪನವರು ಏಳನೇ ಚಕ್ರಕ್ಕೆ ಹೊಡೆದರು. ಹೆಂಡತಿ ತಲೆದೂಗಿದರು. ಎಂಟನೆಯದಕ್ಕೆ ಹೊಡೆದರು. ಈ ಸಲ ತಲೆದೂಗು ಬರಲು ಸ್ವಲ್ಪ ತಡವಾಯಿತು. ನಾದ ಪೂರ್ತಿ ಮುಗಿಯುವ ತನಕ ಆಕೆ ಕಾದಿದ್ದರು.

“ಹೇಗಿತ್ತೇ?” ಅಂದರು ಠಣ್ಣಪ್ಪನವರು.

“ಹಾಗೇ ಇತ್ತು ರೀ,” ಅಂದರು ಹೆಂಡತಿ. “ತಟ್ಟೆ ಇಡೋ ಹೊತ್ತಿನ ಹಾಗೆ.”